ದೊಡ್ಡ ಸಾಲಿಯ ಪರೀಕ್ಷೆ

ಬನಹಟ್ಟಿಯ ನೇಕಾರ ಗಿರಮಲ್ಲಪ್ಪನಿಗೆ ಮೂರು ಕೂಸುಗಳು ಹೋದ ಮೇಲೆ ಉಳಿದವನು ಚನಮಲ್ಲಪ್ಪ ಒಬ್ಬನೇ. ಹುಡುಗ ಮಹಾ ಮಾತುಗಾರ. ಸೀರೆಯ ದಡಿಗೆ ಎಷ್ಟು ಎಳೆ ಬೇಕೆಂದು ಅಪ್ಪ ಮಗ್ಗದ ಕುಣಿಯಲ್ಲಿ ಕುಳಿತು ಬೆರಳು ಮಡಚುವಷ್ಟರಲ್ಲಿ ಅವನು ಲೆಕ್ಕ ಹೇಳಿಬಿಡುತ್ತಿದ್ದ.

ಅವನಿಗೆ ಹತ್ತು ತುಂಬಿದ ವರ್ಷ ಸಾಲಿಯ ರಾಮಣ್ಣ ಮಾಸ್ತರರು ಮನೆಗೇ ಬಂದರು. ಜಮಖಂಡಿ ಸಂಸ್ಥಾನದವರು ಹನ್ನೆರಡು ಜಾಣ ಹುಡುಗರನ್ನು ಆರಿಸಿ, ಊಟ ವಸತಿ ಕೊಟ್ಟು ದೊಡ್ಡ ಸಾಲಿಯಲ್ಲಿ ಓದಿಸುವವರಿದ್ದರು.

"ಲೆಕ್ಕದಾಗ ಇವನ್ನ ಹಿಡಿಯವರಿಲ್ಲ. ಆದ್ರ ಬಾಯಿಪರೀಕ್ಷಾ ಮರಾಠಿಯೊಳಗ ಇರ್ತೈತಿ, ಗಿರಮಲ್ಲಪ್ಪ," ಎಂದರು ಮಾಸ್ತರರು.

ಮರಾಠಿ ಅಂದರೆ ಗಿರಮಲ್ಲಪ್ಪನಿಗೆ ಮೊದಲಿನಿಂದಲೂ ಅಂಜಿಕೆ. ಹಿತ್ತಲಿನ ತಕರಾರಿನಲ್ಲಿ ಸಂಸ್ಥಾನದಿಂದ ಬಂದ ಮರಾಠಿ ನೋಟೀಸು ಓದಲು ಬಾರದೆ ಹೇಳಿದ ದಿನ ದಾಟಿಸಿ, ಕಚೇರಿಯಲ್ಲಿ ಹತ್ತು ಜನರೆದುರು ಬೈಸಿಕೊಂಡು ಬಂದವನು ಅವನು. ಮಗನಿಗೆ ಆ ಗತಿ ಬರಬಾರದು. ಮರುದಿನವೇ ಹುಡುಗನನ್ನು ಮರಾಠಿ ಮನೆಮಾತಿನ ಸಿಂಪಿಗ ನಾಮದೇವನ ಹತ್ತಿರ ಕಳಿಸಿದ.

ಅಲ್ಲಿ ಕಲಿತದ್ದನ್ನು ಹುಡುಗ ಬೆಳಿಗ್ಗೆ ಮಗ್ಗದ ಪಕ್ಕ ನಿಂತು ಒಪ್ಪಿಸಬೇಕು. ಗಿರಮಲ್ಲಪ್ಪನಿಗೆ ಭಾಷೆ ತಿಳಿಯದು, ತಡವರಿಸಿದ್ದಷ್ಟೇ ತಿಳಿಯುತ್ತಿತ್ತು. ಹೊಡೆಯುತ್ತಿರಲಿಲ್ಲ. "ಮತ್ತ ಮೊದಲಿಂದ ಹೇಳು," ಎನ್ನುತ್ತಿದ್ದ. ಇಪ್ಪತ್ತು ಸಲವಾದರೂ ಮೊದಲಿಂದ.

ಮಾಘ ಮುಗಿಯುವಷ್ಟರಲ್ಲಿ ಹುಡುಗನ ನಾಲಿಗೆ ಮೊದಲ ಅಕ್ಷರಕ್ಕೇ ಸಿಕ್ಕಿಕೊಳ್ಳತೊಡಗಿತು.

"ಕೂಸು ಒಣಗಾಕತ್ತೈತ್ರಿ. ನೀರು ಕೇಳಾಕೂ ತೊದಲ್ತಾನ," ಎಂದು ಹೆಂಡತಿ ಕಸ್ತೂರೆವ್ವ ಕಣ್ಣೀರಿಟ್ಟಳು. ನಾಮದೇವನೂ ಹೇಳಿದ: "ಗಿರಮಲ್ಲಣ್ಣ, ಸ್ವಲ್ಪ ದಿವಸ ಹುಡುಗನ್ನ ಅವನಷ್ಟಕ್ಕ ಬಿಡ್ರಿ."

"ಇನ್ನ ಹತ್ತ ದಿನ ಉಳದಾವ. ಈಗ ಹ್ಯಾಂಗ ಬಿಡ್ಲಿ?"

ಪರೀಕ್ಷೆಯ ದಿನ ಜಮಖಂಡಿಯಲ್ಲಿ ಲೆಕ್ಕದ ಕಾಗದ ಎಲ್ಲರಿಗಿಂತ ಮೊದಲು ಮುಗಿಸಿ ಚನಮಲ್ಲಪ್ಪ ನಗುತ್ತ ಹೊರಬಂದ. ಮಧ್ಯಾಹ್ನ ಬಾಯಿಪರೀಕ್ಷೆ. ತಂದೆಯಂದಿರೆಲ್ಲ ಪಡಸಾಲೆಯ ಕಿಟಕಿಗೆ ಮುಗಿಬಿದ್ದರು. ಒಳಗೆ ಮುದಿ ಪರೀಕ್ಷಕರು ಮರಾಠಿಯಲ್ಲಿ ಹೆಸರು ಕೇಳಿದರು.

"ಚ... ಚ..."

ಪರೀಕ್ಷಕರು ಕಾದರು. ಪಾಪ, ಕೆಟ್ಟ ಮನುಷ್ಯರಲ್ಲ. ಕಡೆಗೆ ಕನ್ನಡದಲ್ಲೇ, "ನಿನ್ನ ಹೆಸರೇನಪಾ? ಸಾವಕಾಶ ಹೇಳು," ಎಂದರು. ಹುಡುಗನ ಕುತ್ತಿಗೆಯ ನರ ಉಬ್ಬಿದವು. ಗಿರಮಲ್ಲಪ್ಪನಿಗೆ ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದು ಕೂಗಿಬಿಟ್ಟ:

"ಹೇಳಲೇ! ನಿನ್ನ ಹೆಸರು ನಿನಗ ಗೊತ್ತಿಲ್ಲೇನು?"

ಹುಡುಗ ತಿರುಗಿ ಅಪ್ಪನನ್ನು ನೋಡಿದ. ಬಾಯಿ ಮುಚ್ಚಿಕೊಂಡ. ಮತ್ತೆ ತೆರೆಯಲಿಲ್ಲ.

ಸಂಜೆ ಗೋಡೆಗೆ ಹಚ್ಚಿದ ಯಾದಿಯಲ್ಲಿ ಅವನ ಹೆಸರಿರಲಿಲ್ಲ. "ಲೆಕ್ಕದಾಗ ಒಂದೂ ತಪ್ಪಿಲ್ರಿ," ಎಂದ ಗುಮಾಸ್ತ. "ಆದ್ರ ಮಾತಾಡದ ಹುಡುಗನ್ನ ಹ್ಯಾಂಗ ತಗೋಳೂದು?" ಗಿರಮಲ್ಲಪ್ಪ ಊರು ಮುಟ್ಟುವವರೆಗೂ ಮಗನ ಮುಖ ನೋಡಲಿಲ್ಲ.

ಚನಮಲ್ಲಪ್ಪ ಮಗ್ಗಕ್ಕೆ ಕುಳಿತ. ಅವ್ವನ ಜೊತೆ, ನಾಮದೇವನ ಜೊತೆ ಮಾತು ಮೆಲ್ಲಗೆ ಮರಳಿತು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಅವಳಿಗೆ ಕಥೆ ಹೇಳುವಷ್ಟು ಮರಳಿತು. ಅಪ್ಪ ಒಳಗೆ ಬಂದರೆ ಮಾತ್ರ ನಿಂತುಬಿಡುತ್ತಿತ್ತು. ಅಪ್ಪನಿಗೆ ಹೇಳುವುದನ್ನು ಹೆಂಡತಿಯಿಂದ ಹೇಳಿಸುತ್ತಿದ್ದ.

ಹೀಗೇ ಇಪ್ಪತ್ತು ವರ್ಷ ಕಳೆದವು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ವರ್ಷ ಕಸ್ತೂರೆವ್ವ ತೀರಿಕೊಂಡಳು. ಅವಳ ದಿನಕರ್ಮ ಮುಗಿದ ಸಂಜೆ ಸೊಸೆ, ಮೊಮ್ಮಗಳು ನೆಂಟರನ್ನು ಕಳಿಸಲು ಹೋದಾಗ ಮನೆಯಲ್ಲಿ ಅಪ್ಪ ಮಗ ಇಬ್ಬರೇ ಉಳಿದರು.

"ಚನಮಲ್ಲಪ್ಪಾ, ಅವತ್ತು ತಪ್ಪು ನಂದಿತ್ತು," ಎಂದ ಗಿರಮಲ್ಲಪ್ಪ.

ಮಗ ತಲೆಯೆತ್ತಿದ. ತುಟಿ ಅಲುಗಿದವು, ದವಡೆ ಅದುರಿತು. ಏನೋ ಹೇಳಲು ಹೊರಟಿದ್ದ. ಕುತ್ತಿಗೆಯ ಆ ನರ ಮತ್ತೆ ಉಬ್ಬುವುದನ್ನು ಮುದುಕನಿಗೆ ನೋಡಲಾಗಲಿಲ್ಲ.

"ಇರ್ಲಿ ಬಿಡು, ಬಿಡು," ಎನ್ನುತ್ತ ಎದ್ದು ಹೊರಗೆ ನಡೆದುಬಿಟ್ಟ.

ಮಗ ಹೇಳಲಿದ್ದ ಮಾತು ಯಾವುದೆಂದು ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯವೂ ಬರಲಿಲ್ಲ.