ಸೆಟ್ಟರ ಅಂಕೆ ತಪ್ಪಿದ ದಿನ

ಸೆಟ್ಟರು ಹುಟ್ಟಿನಿಂದ ಶೆಟ್ಟರಲ್ಲ, ಹಲ್ಲಿನ ಸೆಟ್ಟಿನಿಂದ ಸೆಟ್ಟರು. ಬೋಳು ಬಾಯಿಯವರಿಗೆ ಹಲ್ಲು ಕಟ್ಟಿಕೊಡುವುದು ಅವರ ಕಸುಬು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕೆಲಸದ ಕೋಣೆ. ಕಿಟಕಿಯ ಅಂಚಿನ ಮೇಲೆ ಪ್ಲಾಸ್ಟರ್ ದವಡೆಗಳು ಸಾಲಾಗಿ ಕೂತಿರುತ್ತವೆ. ಬೀದಿಯಿಂದ ತಲೆಯೆತ್ತಿದವರಿಗೆ ಅವು ಹಲ್ಲು ಕಿರಿದಂತೆ ಕಾಣುತ್ತವೆ. ಆ ಕೋಣೆಯಲ್ಲಿ ನಗುವುದೆಂದರೆ ಅವಷ್ಟೇ.

ಏಕೆಂದರೆ ಸೆಟ್ಟರಿಗೆ ಸದಾ ಸಿಟ್ಟು. ಮೇಣ ಬೇಗ ಕರಗಿದರೆ ಮೇಣದ ಮೇಲೆ, ಕರಗದಿದ್ದರೆ ಸ್ಪಿರಿಟ್ ದೀಪದ ಮೇಲೆ. ಗಿರಾಕಿ ಬಾಯಿ ತೆರೆಯದಿದ್ದರೆ ಸಿಟ್ಟು, ತೆರೆದು ಮಾತಾಡಿದರೆ ಇನ್ನಷ್ಟು ಸಿಟ್ಟು. ಊರವರಿಗೆಲ್ಲ ಹಲ್ಲು ಕಟ್ಟಿಕೊಟ್ಟ ಮಹಾನುಭಾವರು ತಮ್ಮ ಹಲ್ಲನ್ನು ಕಡಿದು ಕಡಿದೇ ಅರ್ಧ ಸವೆಸಿಕೊಂಡಿದ್ದರು. ಡಾಕ್ಟರು ಅವರ ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ನೋಡಿ, ತಾವೇ ಒಂದು ಗುಟುಕು ನೀರು ಕುಡಿದು, “ಏನಾದ್ರೂ ತಣ್ಣಗಿರೋ ಹವ್ಯಾಸ ಇಟ್ಕೊಳ್ಳಿ” ಎಂದಿದ್ದರು. ಆಗಲೇ ಮಗಳು ಅವರ ಮೊಬೈಲಿಗೆ ಸುಡೊಕು ಹಾಕಿಕೊಟ್ಟದ್ದು.

“ಖಾಲಿ ಮನೆಗಳಿಗೆಲ್ಲ ಒಂದರಿಂದ ಒಂಬತ್ತರ ತನಕ ಅಂಕೆ ತುಂಬಬೇಕು ಅಪ್ಪ. ಅಡ್ಡ ಸಾಲು, ಉದ್ದ ಸಾಲು, ಈ ಚಿಕ್ಕ ಚೌಕ, ಎಲ್ಲೂ ಒಂದೇ ಅಂಕೆ ಎರಡು ಸಲ ಬರಬಾರದು. ನಿನಗೆ ಒಂಚೂರು ಅಂಕೆ ಕಲಿಸೋ ಆಟ ಇದು.”

“ಹೆಸರಲ್ಲೇ ಸುಡೋದು ಇದೆಯಲ್ಲೇ, ಇದೆಲ್ಲಿ ತಣ್ಣಗಾಗತ್ತೆ?” ಎಂದು ಹೆಂಡತಿ ಒಳಗಿನಿಂದ ಹೇಳಿದಳು.

ಸೆಟ್ಟರಿಗೆ ಆಟ ಹಿಡಿಸಿತು. ಸಾಲಿನಲ್ಲೊಂದು ಸಂದು, ಆ ಸಂದಿಗೆ ಒಂದೇ ಒಂದು ಹಲ್ಲು. ಇದು ಅವರಿಗೆ ಗೊತ್ತಿದ್ದ ವಿದ್ಯೆಯೇ. ಆಟದ ಮೂಲೆಯಲ್ಲಿ ಬಲ್ಬಿನ ಗುರುತಿನ ‘ಸುಳಿವು’ ಎಂಬ ಗುಂಡಿಯಿತ್ತು. ಒತ್ತಿದರೆ ಒಂದು ಮನೆ ತಾನಾಗಿಯೇ ತುಂಬುತ್ತಿತ್ತು. ಅಪ್ಪ ಮಗಳು ಇಬ್ಬರೂ ಅದನ್ನು ಮುಟ್ಟಬಾರದೆಂದು ಮಾತಾಯಿತು.

ಮಗಳು ಕೆಲಸ ಕಲಿತದ್ದು ಅಪ್ಪನ ಪಕ್ಕದ ಸ್ಟೂಲಿನ ಮೇಲೆ. ಕೈ ಅಪ್ಪನದು, ಬಾಯಿಯೂ ದುರದೃಷ್ಟವಶಾತ್ ಅಪ್ಪನದೇ. ಒಂದು ದಿನ ಸೆಟ್ಟರು ಪ್ಲಾಸ್ಟರ್ ಪುಡಿ ತರಲು ಹೋಗಿದ್ದಾಗ ಮುದುಕರೊಬ್ಬರು ಹೊಸ ಸೆಟ್ ಕಚ್ಚುತ್ತದೆಂದು ಬಂದರು. ಮಗಳು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿದಳು. ಎತ್ತರವಿದ್ದ ಕಡೆ ನೀಲಿ ಗುರುತು ಬಿತ್ತು. ಅಲ್ಲಿ ಉಜ್ಜಿ ಕೊಟ್ಟಳು. ಮುದುಕರು ಮೆಟ್ಟಿಲಿಳಿಯುತ್ತ, ಎದುರಾದ ಸೆಟ್ಟರಿಗೆ, “ಈಗ ಸರಿಯಾಯ್ತು ನೋಡಿ, ನಿಮ್ಮ ಮಗಳು ತಿದ್ದಿದ್ಲು” ಎಂದು ಬಾಯ್ತುಂಬ ನಕ್ಕರು. ಆ ನಗು ಸೆಟ್ಟರೇ ಮಾಡಿದ್ದು. ಆದರೂ ತಮ್ಮದೇ ಹಲ್ಲು ತಮ್ಮನ್ನು ನೋಡಿ ನಕ್ಕಂತಾಯಿತು.

“ನನ್ನ ಕೆಲಸಕ್ಕೆ ಕೈ ಹಾಕೋಕೆ ನೀನು ಯಾರು?” ಎಂದು ಅವರು ಕೂಗಿದ್ದು ಕೆಳಗಿನ ಔಷಧಿ ಅಂಗಡಿಯವರಿಗೂ ಕೇಳಿಸಿತು. ಮಗಳು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೊರಟಳು. ಮೆಷಿನ್ನಿನಲ್ಲಿ ಹಲ್ಲು ಕೊರೆಯುವ ದೊಡ್ಡ ಲ್ಯಾಬಿನಲ್ಲಿ ಕೆಲಸ ಹಿಡಿದು, ಊರಿನ ಆಚೆ ಕಡೆಯ ಹಾಸ್ಟೆಲ್ ಸೇರಿದಳು. ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಅಪ್ಪನೊಂದಿಗೆ ಮಾತಿಲ್ಲ.

ಮಾತಿರಲಿಲ್ಲ, ಆಟವಿತ್ತು. ಒಮ್ಮೆ ಸೆಟ್ಟರು ಆಟ ಮುಗಿಸಿ, ಮುಚ್ಚುವ ಗುಂಡಿಯೆಂದುಕೊಂಡು ‘ಹಂಚಿಕೊಳ್ಳಿ’ ಎಂಬುದನ್ನು ಒತ್ತಿಬಿಟ್ಟರು. ಆಟ ಮುಗಿಸಲು ಅವರಿಗೆ ಹಿಡಿದ ವೇಳೆ ಮಗಳಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮಗಳ ವೇಳೆ ಬಂತು. ನಮಸ್ಕಾರವಿಲ್ಲ, ಊಟವಾಯಿತೇ ಎಂಬುದಿಲ್ಲ, ಬರೀ ನಿಮಿಷ, ಸೆಕೆಂಡು. ಮರುದಿನ ಸೆಟ್ಟರು ಅದೇ ಗುಂಡಿಯನ್ನು ಮತ್ತೆ ‘ತಪ್ಪಿ’ ಒತ್ತಿದರು. ಅಂದಿನಿಂದ ಬೆಳಿಗ್ಗೆ ಅವಳ ವೇಳೆ ಬರುವ ತನಕ ಅವರು ಯಾರ ಬಾಯಿಗೂ ಕೈ ಹಾಕುತ್ತಿರಲಿಲ್ಲ. ಕೇಳಿದರೆ, “ಅವಳನ್ನ ಸೋಲಿಸಬೇಕು, ಅಷ್ಟೇ” ಎನ್ನುತ್ತಿದ್ದರು.

ಆ ದಿನ ಸೆಟ್ಟಿನ ಒಸಡಾಗುವ ಗುಲಾಬಿ ಹಿಟ್ಟನ್ನು ಅಚ್ಚಿಗೆ ತುಂಬಿ, ಬಿಸಿನೀರಿನ ಪಾತ್ರೆಗೆ ಇಳಿಸಿ, ಉರಿ ಹೆಚ್ಚಾಗದಂತೆ ಕಾಯುತ್ತ ನಿಂತಿದ್ದರು. ನೀರು ಕೊತಕೊತ ಕುದಿದರೆ ಒಸಡಿನ ತುಂಬ ಗುಳ್ಳೆ. ಹೀಗಾಗಿ ಆಟ ಇನ್ನೂ ಶುರುವಾಗಿರಲಿಲ್ಲ. ಮೊಬೈಲು ಮೇಜಿನ ಮೇಲಿತ್ತು. ಫೋನಿಗೆ ಬೀಗ ಹಾಕುವ ಅಭ್ಯಾಸ ಸೆಟ್ಟರಿಗಿಲ್ಲ, ಬಾಯಿಗೂ ಇಲ್ಲ.

ಮೇಜಿನಾಚೆ ಕೂತಿದ್ದವನು ಅವರ ಹೆಂಡತಿಯ ತಮ್ಮ, ಬಾಡಿಗೆ ಮನೆಗಳ ಬ್ರೋಕರು. ಖಾಲಿ ಮನೆಗೆ ಜನ ತುಂಬಿಸುವುದೇ ಅವನ ಉದ್ಯೋಗ. ಗಿರಾಕಿ ಇಲ್ಲದಾಗ ಇಲ್ಲಿಗೆ ಬಂದು ಭಾವನ ತಲೆ ತಿನ್ನುವುದು ಉಪಕಸುಬು.

“ಆಯ್ತು ಭಾವ, ಕಳಿಸಿಬಿಟ್ಟೆ” ಎಂದ ಬ್ರೋಕರು.

“ಏನು?”

“ನಿಮ್ಮ ಆಟ. ಅಷ್ಟೊಂದು ಮನೆ ಖಾಲಿ ಬಿದ್ದಿತ್ತು. ಮನೆ ಖಾಲಿ ಇದ್ರೆ ನನ್ನ ಕೈ ಸುಮ್ಮನಿರಲ್ಲ ನೋಡಿ. ಈ ಬಲ್ಬ್ ಗುರುತು ಒತ್ತಿದ್ರೆ ಅದೇ ತುಂಬಿಸ್ಕೊಳ್ಳತ್ತೆ. ನೀವು ಸುಮ್ನೆ ತಲೆ ಕೆಡಿಸ್ಕೊಳ್ತೀರಿ. ಮೇಲುಗಡೆ ಪುಟ್ಟಿ ಹೆಸರಿತ್ತು, ಅವಳಿಗೇ ಹಂಚಿಬಿಟ್ಟೆ.”

ಸೆಟ್ಟರು ಫೋನ್ ಕಿತ್ತುಕೊಂಡರು. ವೇಳೆ ಎರಡು ನಿಮಿಷ. ಸುಳಿವು ನಲವತ್ತೆಂಟು. ಅಷ್ಟು ಸುಳಿವು ಸಿಕ್ಕರೆ ಪೊಲೀಸರು ಕಳ್ಳನ ಜೊತೆಗೆ ಅವನ ಮೊಮ್ಮಗನನ್ನೂ ಹಿಡಿದಾರು. ಸೆಟ್ಟರು ಸೆಟೆದು ನಿಂತರು. “ಲೋ, ನಿನ್ನ...” ಎನ್ನುವಷ್ಟರಲ್ಲಿ ಫೋನ್ ಟಿಂಗ್ ಎಂದಿತು.

ಈ ಸಲ ನಿಮಿಷ ಸೆಕೆಂಡು ಅಲ್ಲ, ಅಕ್ಷರ. ‘ಸುಳಿವು ತಗೊಂಡು ಗೆಲ್ಲೋದಾದ್ರೆ ನನಗೆ ಈ ಆಟ ಬೇಡ. ನೀವು ಇನ್ನು ಕಳಿಸಬೇಡಿ.’

ಸೆಟ್ಟರು ಆ ‘ನೀವು’ ಎಂಬಲ್ಲೇ ಸಿಕ್ಕಿಕೊಂಡರು. ಹಾಲುಹಲ್ಲಿನ ಕಾಲದಿಂದ ಅಪ್ಪನನ್ನು ‘ನೀನು’ ಎಂದವಳು. ನೀವುವುದೆಂದರೆ ಮೃದುವಾಗಿ ಸವರುವುದು. ಈ ‘ನೀವು’ ಉಜ್ಜುಗಲ್ಲಿನಂತೆ ತರಚಿತು.

“ನಾನೇನು ಮಾಡಬಾರದ್ದು ಮಾಡಿದೆ ಭಾವ? ಸಹಾಯ ತಾನೇ...”

“ಬಾಯಿ ಮುಚ್ಚು! ಇಲ್ದಿದ್ರೆ ಮುವ್ವತ್ತೆರಡೂ ಕಿತ್ತು, ನಾನೇ ಸೆಟ್ ಮಾಡಿ ಕೂರಿಸ್ತೀನಿ!”

ಬ್ರೋಕರು ಬಾಯಿಗೆ ಕೈ ಅಡ್ಡವಿಟ್ಟುಕೊಂಡ. ಸೆಟ್ಟರು ಮಗಳ ಹೆಸರು ಒತ್ತಿದರು. ಇದೊಂದು ನೂಲೂ ಹರಿದರೆ ಮುಂದೆ ಯಾವ ನೆಪವೂ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

“ಹೇಳಿ.”

“ನಾನು ಸುಳಿವು ಒತ್ತಿಲ್ಲ.”

“ಮತ್ತೆ ಫೋನೇ ಒತ್ಕೊಳ್ತಾ?”

“ನಿನ್ನ ಮಾವ ಒತ್ತಿದ. ಆ ಬ್ರೋಕರ್ ನನ್ಮಗ!”

“ತಪ್ಪು ನಿಮ್ಮದು, ಹಾಕೋದು ಮಾವನ ತಲೆಗೆ. ಅವತ್ತೂ ಹಾಗೇ. ಸೆಟ್ ಸರಿ ಇದೆ, ಗಿರಾಕಿ ಬಾಯೇ ಸರಿಯಿಲ್ಲ ಅಂದ್ರಿ.”

“ಸರಿ ಇರ್ಲಿಲ್ಲ ಅವನ ಬಾಯಿ!”

“ಎಡಗಡೆ ಕೆಳಗಿನ ದವಡೆ ಹಲ್ಲು ಎತ್ತರ ಇತ್ತು. ನೀಲಿ ಗುರುತು ಬಿದ್ದಿತ್ತು. ನಾನು ಕಣ್ಣಾರೆ ನೋಡಿದ್ದೀನಿ.”

“ಬಿದ್ದಿದ್ರೆ ನನಗೆ ತೋರಿಸಬೇಕಿತ್ತು! ನಾನಿಲ್ಲದಾಗ ನನ್ನ ಕೆಲಸಕ್ಕೆ ನೀನು ಕೈ ಹಾಕಿದೆ. ನಾನಿಲ್ಲದಾಗ ನನ್ನ ಆಟಕ್ಕೆ ಇವನು ಕೈ ಹಾಕಿದ. ನಾನೇನು ಸತ್ತು ಹೋಗಿದ್ದೀನಾ?”

“ತೋರಿಸಿದ್ರೆ ನೀನು ನೋಡ್ತಿದ್ಯಾ?” ಮಗಳ ದನಿ ಒಮ್ಮೆಲೇ ಏರಿತು. “ಯಾವತ್ತಾದ್ರೂ ನೋಡಿದ್ದೀಯಾ? ಬಾಯಿ ತೆಗೆದ್ರೆ ಕಚ್ಚೋಕೆ ಬರ್ತೀಯ! ನೀನು ಮಾಡಿದ ಸೆಟ್ಟಿಗಿಂತ ನೀನೇ ಜಾಸ್ತಿ ಕಚ್ತೀಯ ಅಪ್ಪ!”

ಸೆಟ್ಟರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಮಗಳು ಬೈದ ಬೈಗುಳದಲ್ಲಿ ‘ನೀನು’ ಬಂದಿತ್ತು, ಒಂದಲ್ಲ, ಸಾಲು ಸಾಲಾಗಿ. ಈ ಆಟದಲ್ಲಿ ಒಂದೇ ಸಾಲಿಗೆ ಅದು ಎಷ್ಟು ಸಲ ಬಂದರೂ ತಪ್ಪಿರಲಿಲ್ಲ.

ಆದರೆ ಸೋತೆನೆಂದು ಒಪ್ಪಿಕೊಳ್ಳುವುದು ಅವರ ದವಡೆಗೆ ಬಾರದ ಕೆಲಸ. ಇನ್ನೂ ಜೋರಾಗಿ ಕೂಗಿದರು.

“ನಾನು ಕಚ್ತೀನಾ? ಭಾನುವಾರ ಬಾ. ನನ್ನೆದುರಿಗೆ ಕೂತು ಆಡು. ಸುಳಿವು ಯಾರು ಒತ್ತೋರು ಅಂತ ನಾನೂ ನೋಡ್ತೀನಿ!”

“ಬರ್ತೀನಿ! ಹೆದರ್ತೀನಿ ಅಂದ್ಕೊಂಡ್ಯಾ?”

“ಬರುವಾಗ ನೀಲಿ ಕಾಗದ ತಗೊಂಡು ಬಾ. ಇಲ್ಲಿ ಮುಗಿದುಹೋಗಿದೆ.”

ನೀಲಿ ಕಾಗದದ ಹೊಸ ಕಟ್ಟು ಮೇಜಿನ ಖಾನೆಯಲ್ಲಿತ್ತು. ಸೆಟ್ಟರು ಖಾನೆಯನ್ನು ಮೊಣಕಾಲಿನಿಂದ ಒಳಕ್ಕೆ ತಳ್ಳಿದರು.

“ಯಾವ ಗಿರಾಕಿಗೆ?” ಎಂದಳು ಮಗಳು.

“ಅದೇ ಮುದುಕರಿಗೆ. ಬಲಗಡೆ ಕಚ್ಚತ್ತಂತೆ. ನೀನು ಎಡಗಡೆ ಜಾಸ್ತಿ ಉಜ್ಜಿದ್ದೀಯ.”

“ಸುಳ್ಳು! ನಾನು ಉಜ್ಜಿದ್ದು ಕೂದಲೆಳೆಯಷ್ಟು!”

“ಬಂದು ತೋರಿಸು!” ಎಂದು ಫೋನಿಟ್ಟರು.

ಅಷ್ಟರಲ್ಲಿ ನೀರು ಕೊತಕೊತ ಕುದಿದು ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಅಚ್ಚು ತಣಿದ ಮೇಲೆ ಬಿಚ್ಚಿ ನೋಡಿದರೆ ಗುಲಾಬಿ ಒಸಡಿನ ತುಂಬ ಗುಳ್ಳೆ. ಎರಡು ದಿನದ ಕೆಲಸ ಹಾಳು. ಮತ್ತೆ ಮೇಣದಿಂದ ಶುರುಮಾಡಬೇಕು. ಸೆಟ್ಟರು ಆ ಹಾಳು ಸೆಟ್ಟನ್ನು ಕೈಯಲ್ಲಿ ಹಿಡಿದು ಹಲ್ಲು ಕಡಿದರು.

ಬ್ರೋಕರು ಬಾಯಿಗೆ ಅಡ್ಡವಿಟ್ಟ ಕೈಯನ್ನು ಮೆಲ್ಲಗೆ ತೆಗೆದ. “ಹಾಗಾದ್ರೆ ಪುಟ್ಟಿ ಭಾನುವಾರ ಬರ್ತಾಳೆ ಅನ್ನಿ. ಅಕ್ಕನಿಗೆ ನಾನೇ ಹೇಳ್ತೀನಿ. ಒಂದು ಮಾತು ಭಾವ, ಇಷ್ಟು ದಿನ ಖಾಲಿ ಇದ್ದ ಮನೆ ತುಂಬಿಸಿದವನು ನಾನು. ನಿಮ್ಮ ಹತ್ರ ಕಮಿಷನ್ ಬೇಡ, ಬಿಡಿ.”

ಸೆಟ್ಟರು ಕೈಗೆ ಸಿಕ್ಕಿದ್ದನ್ನು ಎಸೆದರು. ಅದು ಗುಳ್ಳೆಬಿದ್ದ ಸೆಟ್ಟು. ಬ್ರೋಕರು ಆಗಲೇ ಮೆಟ್ಟಿಲಲ್ಲಿದ್ದ. ಸೆಟ್ಟು ಬಾಗಿಲಿಗೆ ಬಡಿದು ನೆಲಕ್ಕೆ ಬಿದ್ದು, ಅಲ್ಲಿಂದ ಅವರನ್ನು ನೋಡಿ ಹಲ್ಲು ಕಿಸಿಯಿತು.

ಬ್ರೋಕರು ಆಟಕ್ಕೆ ಕೈ ಹಾಕಿದ್ದನ್ನು ಸೆಟ್ಟರು ಮುಂದೆಂದಾದರೂ ಮರೆತಾರು. ಖಾಲಿ ಮನೆ ತುಂಬಿಸಿದೆನೆಂದು ಅವನು ಹೇಳಿದ್ದು ನಿಜವಾಗಿಬಿಟ್ಟಿತಲ್ಲ, ಅದನ್ನು ಮಾತ್ರ ಜನ್ಮದಲ್ಲಿ ಕ್ಷಮಿಸಲಾರರು. ಸ್ಪಿರಿಟ್ ದೀಪ ಹಚ್ಚಿದರು. ಮೊದಲ ಕಡ್ಡಿಗೇ ಹತ್ತಿಕೊಂಡಿತು. ಅದಕ್ಕೂ ಒಂದು ಸಲ ಬೈದರು.