ಮಂಜುನಾಥ ಅಳಿಸಿದ ಹೆಸರು

ಕೋವಿಡ್ ಮುಗಿದ ಮರುವರ್ಷ ನಾನು ಹಾಸನದ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ಡೇರಿಗಳಲ್ಲಿ ಹಾಲಿನ ಅಳತೆ, ಫ್ಯಾಟ್ ದಾಖಲಿಸಿ ರೈತರಿಗೆ ಚೀಟಿ ಕೊಡುವ ಸಾಫ್ಟ್‌ವೇರ್ ನಮ್ಮದು. ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಅದನ್ನು ಕಟ್ಟಿದವನು ನನ್ನ ತಂಡದ ಪ್ರೋಗ್ರಾಮರ್, ದುದ್ದ ಗ್ರಾಮದ ಮಂಜುನಾಥ.

ಚೀಟಿ ಮುದ್ರಿಸುವ ಭಾಗವನ್ನು ಮಾತ್ರ ಜರ್ಮನಿಯ ಒಬ್ಬರು ಬರೆದ ಓಪನ್ ಸೋರ್ಸ್ ಪ್ರೋಗ್ರಾಂನಿಂದ ತೆಗೆದುಕೊಂಡಿದ್ದೆವು. ಕದ್ದದ್ದೇನಲ್ಲ. ಅದರ ಲೈಸೆನ್ಸು ಜಿಪಿಎಲ್. ಬಿಟ್ಟಿಯಾಗಿ ಬಳಸಬಹುದು, ನಮ್ಮ ಸರಕಿಗೆ ಸೇರಿಸಿ ಮಾರಲೂಬಹುದು. ಆದರೆ ಬರೆದವರ ಹೆಸರು, ಲೈಸೆನ್ಸು ಹಾಗೇ ಇರಬೇಕು. ಕೊಂಡವರು ಕೇಳಿದರೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಕೊಡಬೇಕು. ಮಂಜುನಾಥ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದ್ದ.

ಮಾಲೀಕ ಬಸವರಾಜಪ್ಪನವರದು ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಮನೆತನ. ತಮ್ಮ ಸಾಫ್ಟ್‌ವೇರಿನಲ್ಲಿ ಯಾರದೋ ಹೆಸರು ಕಂಡು ಸಿಡಿಮಿಡಿಗೊಂಡರು. ನಾನು ಲೈಸೆನ್ಸಿನ ಷರತ್ತು ಬಿಡಿಸಿ ಹೇಳಿದೆ.

“ಮಾಲು ಮಂಡಿಗೆ ಬಂದ್ಮೇಲೆ ಮೂಟೆ ಮೇಲೆ ನಮ್ ಮಾರ್ಕೇ ಕಣಮ್ಮ. ಬೆಳ್ದೋನ್ ಹೆಸ್ರು ಯಾರ್ ಬರೀತಾರೆ?” ಅಂದರು.

ಆಕ್ಷೇಪವನ್ನು ಅವರಿಗೆ ಇಮೇಲಿನಲ್ಲಿ ಕಳಿಸಿ ನಾನು ಹೊಳೆನರಸೀಪುರಕ್ಕೆ ಹೋಗಿದ್ದೆ. ಅಷ್ಟರಲ್ಲಿ ಅವರು ಮಂಜುನಾಥನ ಪಕ್ಕದಲ್ಲೇ ಕುಳಿತು ಹೆಸರು, ಲೈಸೆನ್ಸು ಎರಡನ್ನೂ ಅಳಿಸಿಸಿ ಮಂಡಿಯ ಮಾರ್ಕು ಹಾಕಿಸಿದ್ದರು. ಮನೆಯಲ್ಲಿ ಮದುವೆಗೆ ನಿಂತ ತಂಗಿಯಿದ್ದವನು ಕೆಲಸ ಬಿಡಲಾರದೆ ಅಳಿಸಿದ್ದ.

ಮುಂದೆ ಬೆಂಗಳೂರಿನ ಕಂಪನಿಯೊಂದು ನಮ್ಮನ್ನು ಕೊಳ್ಳಲು ಬಂತು. ಸಹಿಗೆ ಮುಂಚೆ ಅವರು ಕೋಡನ್ನೆಲ್ಲ ಸ್ಕ್ಯಾನ್ ಮಾಡಿಸಿದಾಗ ಜರ್ಮನಿಯವರ ಬರಹ ಸಿಕ್ಕಿಬಿದ್ದು ಬಣ್ಣ ಬಯಲಾಯಿತು. ಬಸವರಾಜಪ್ಪನವರು ಒಂದಿಷ್ಟೂ ಅಳುಕದೆ, ನೌಕರನೊಬ್ಬ ನಮಗೆ ತಿಳಿಯದಂತೆ ಕದ್ದು ಹಾಕಿದ್ದಾನೆ, ಅವನನ್ನು ವಜಾ ಮಾಡಿದ್ದೇವೆ ಅಂದುಬಿಟ್ಟರು. ಮಂಜುನಾಥ ಆಗ ಅರಕಲಗೂಡಿನ ಡೇರಿಯೊಂದರಲ್ಲಿ ನಮ್ಮದೇ ಮೆಷಿನ್ ರಿಪೇರಿ ಮಾಡುತ್ತಿದ್ದ.

ನನ್ನ ಮೈ ಉರಿದುಹೋಯಿತು. ಹಳೆಯ ಇಮೇಲನ್ನು ಬೆಂಗಳೂರಿನವರ ವಕೀಲರ ಮುಂದಿಟ್ಟೆ. ಅವರು ಪೂರ್ತಿ ಓದಿದರು.

“ಮೇಡಂ, ಕಂಪನಿ ಮಾಡ್ತು ಅಂದ್ರೆ ವ್ಯವಹಾರ ನಿಲ್ಲುತ್ತೆ. ಒಬ್ಬ ನೌಕರ ಮಾಡ್ದ ಅಂದ್ರೆ ನಡೆಯುತ್ತೆ,” ಅಂದರು.

ನಡೆಯಿತು. ನಾನು ರಾಜೀನಾಮೆ ಬಿಸಾಕಿ ಬಂದೆ. ಕೋರ್ಟಿಗೆ ಹೋಗೋಣ ಅಂದರೆ ಮಂಜುನಾಥ ಒಪ್ಪಲಿಲ್ಲ.

“ಬುಡಿ ಮೇಡಂ. ಊರಲ್ಲಿ ಅಪ್ಪಂಗೆ ಏನಂತ ಯೋಳ್ಲಿ, ಅದ್ ಯೋಳ್ಕೊಡಿ ಸಾಕು.”

ಅವನು ಹೊಸ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಹಳೆಯ ಕಂಪನಿಯನ್ನು ವಿಚಾರಿಸುತ್ತಾರೆ. ಕೋಡ್ ಕದ್ದವನು ಎಂಬ ಉತ್ತರ ಹೋಗುತ್ತದೆ.

ಲೈಸೆನ್ಸಿನ ತಪ್ಪನ್ನು ಸರಿಪಡಿಸುವುದು ಒಂದು ದಿನದ ಕೆಲಸವಾಗಿತ್ತು. ಅಳಿಸಿದ ಹೆಸರು ವಾಪಸು ಬಂತು, ಸೋರ್ಸ್ ಕೋಡನ್ನೂ ಬಹಿರಂಗಗೊಳಿಸಿದರು. ಜರ್ಮನಿಯವರು ಕಂಪನಿಯ ಪ್ರಾಮಾಣಿಕತೆಯನ್ನು ಹೊಗಳಿ ಪತ್ರ ಬರೆದರಂತೆ. ಬಸವರಾಜಪ್ಪನವರು ಅದಕ್ಕೆ ಕಟ್ಟು ಹಾಕಿಸಿ ಮಂಡಿಯ ಗೋಡೆಗೆ ನೇತುಹಾಕಿದ್ದಾರಂತೆ. ಕೋಡ್ ಬರೆದು ಊರಿಗೆಲ್ಲ ಹಂಚಿದವರ ಹೆಸರನ್ನು ಕಾಯಲು ಲೈಸೆನ್ಸಿದೆ. ಸಂಬಳಕ್ಕೆ ಬರೆದವನ ಹೆಸರನ್ನು ಕಾಯುವಂಥದ್ದನ್ನು ನಾನು ಇಷ್ಟು ವರ್ಷದ ನೌಕರಿಯಲ್ಲಿ ಒಂದನ್ನೂ ನೋಡಲಿಲ್ಲ.