ಬಾಂಬೆಯಿಂದ ಬಾರದ ಗಾಯಕಿ

ನನ್ನ ಆತ್ಮಕಥೆಯ ಏಳನೆಯ ಅಧ್ಯಾಯದಲ್ಲಿ ನಾನು ಸುಳ್ಳು ಬರೆದಿದ್ದೇನೆ. ಮರೆತು ಅಲ್ಲ — ಗೊತ್ತಿದ್ದೇ. ಬರೆದದ್ದು ಸಾಲದೆಂಬಂತೆ, ಪುಸ್ತಕ ಬಂದ ಮೇಲೆ ಶಾರ್ಜಾ, ದುಬೈ, ಅಬುಧಾಬಿ ಎಂದು ತಿರುಗಿ ಅದನ್ನೇ ಮೈಕಿನ ಮುಂದೆ ಓದಿದೆ. ಕೇಳಿದವರು ಕಣ್ಣೊರೆಸಿಕೊಂಡರು.

ಅಧ್ಯಾಯ ಹೇಳುವುದಿಷ್ಟು: ಇಪ್ಪತ್ತು ವರ್ಷಗಳ ಹಿಂದೆ ದುಬೈಯ ಒಂದು ದೊಡ್ಡ ಕಾರ್ಯಕ್ರಮದಲ್ಲಿ ಮುಖ್ಯ ಗಾಯಕಿಯ ದನಿ ಕಟ್ಟಿತು, ಹಾರ್ಮೋನಿಯಂ ನುಡಿಸಬೇಕಿದ್ದ ನನ್ನನ್ನೇ ಹಾಡಲು ಕೂರಿಸಿದರು, ಅಂದಿನಿಂದ ನಾನು ಗಾಯಕಿಯಾದೆ.

ಯಾರ ದನಿಯೂ ಕಟ್ಟಿರಲಿಲ್ಲ.

ಆ ಗಾಯಕಿ ಗಿರಿಜಕ್ಕ. ಧಾರವಾಡದವರು, ಆಸ್ಪತ್ರೆಯಲ್ಲಿ ನರ್ಸ್. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡದಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಅವರು ಹಾಡಿದರೆ ನಾನು ನುಡಿಸುತ್ತಿದ್ದೆ. ಆ ಕಾರ್ಯಕ್ರಮಕ್ಕೆಂದು ಅವರು ತಿಂಗಳ ಮೊದಲೇ ಡ್ಯೂಟಿ ಬದಲಾಯಿಸಿಕೊಂಡಿದ್ದರು. ಮೂರು ದಿನ ಇರುವಾಗ ಸಂಘಟಕರು ರೂಮಿಗೆ ಫೋನ್ ಮಾಡಿದರು — ಕಾರು ಎಷ್ಟು ಹೊತ್ತಿಗೆ ಕಳಿಸಲಿ ಎಂದು. ಗಿರಿಜಕ್ಕ ಆಸ್ಪತ್ರೆಯಲ್ಲಿದ್ದರು. ನಾನು ಹೇಳಿದೆ:

"ಅವರ ಸ್ವರ ಪೂರಾ ಹೋಗಿದೆ ಮಾರಾಯ್ರೇ. ಹಾಡ್ಲೇಬಾರ್ದು ಅಂತ ಡಾಕ್ಟರ್ ಹೇಳಿದ್ದಾರೆ. ಬೇಕಾದ್ರೆ ನಾನೇ ಹಾಡ್ತೇನೆ."

ಎಷ್ಟು ಸಲೀಸಾಗಿ ಬಂತು! ಮೊದಲೇ ಯೋಚಿಸಿಟ್ಟಿದ್ದೆನೇ? ಇಲ್ಲವೆನ್ನಲು ಇವತ್ತಿಗೂ ಧೈರ್ಯವಿಲ್ಲ.

ಸಂಜೆ ಗಿರಿಜಕ್ಕನಿಗೆ ಇನ್ನೊಂದು ಸುಳ್ಳು. ಬಾಂಬೆಯಿಂದ ಗಾಯಕಿ ಬರುತ್ತಾರಂತೆ, ನನಗೆ ಹಾರ್ಮೋನಿಯಂಗೆ ಮಾತ್ರ ಹೇಳಿದ್ದಾರೆ ಎಂದೆ. ಅವರು "ಇರ್ಲಿ ಬಿಡವಾ, ನೀ ಹೋಗಿ ಬಾ" ಎಂದು ತಮ್ಮ ರೇಷ್ಮೆ ಸೀರೆಗೆ ಇಸ್ತ್ರಿ ಮಾಡಿ ನನ್ನ ಕೈಗಿಟ್ಟರು. ಉಟ್ಟುಕೊಂಡು ಹೋದೆ. ಹಾಡಿ ಬಂದೆ. ಬಾಂಬೆಯವರ ದನಿ ಕೊನೇ ಗಳಿಗೆಯಲ್ಲಿ ಕಟ್ಟಿತು, ನಾನೇ ಹಾಡಬೇಕಾಯಿತು ಎಂದೆ. ಅವರು ನಂಬಿದರು, ಖುಷಿಯೂ ಪಟ್ಟರು. ಆಮೇಲೆ ನಾನು ದುಬೈಗೆ ರೂಮು ಬದಲಾಯಿಸಿದೆ — ಅವರ ಮುಖ ನೋಡಲಾಗದೆ.

ಮತ್ತೆ ನೋಡಿದ್ದು ಕಳೆದ ತಿಂಗಳು, ಅಬುಧಾಬಿಯಲ್ಲಿ ಪುಸ್ತಕದ ಕಾರ್ಯಕ್ರಮದ ದಿನ. ಅಧ್ಯಾಯ ಓದಿ ಮುಗಿಸಿದಾಗ ಎರಡನೇ ಸಾಲಿನಲ್ಲಿ ಎದ್ದು ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಆ ಬಾಂಬೆದಾಕಿ ಮುಂದ ಹಾಡಿದ್ಲೇನವಾ? ಆಕಿ ದನಿ ಸರಿ ಆತೇನು?"

ನನ್ನ ಕೈಯಲ್ಲಿ ಮೈಕ್ ಇತ್ತು. ಆಗಲೇ ಹೇಳಬಹುದಿತ್ತು —

"ಹೌದು ಅಕ್ಕ, ಸರಿ ಆಯ್ತಂತೆ."

"ಪುಣ್ಯಾ ಮಾಡ್ಯಾಳ" ಎಂದು ಅವರು ಕೂತರು.

ಎರಡು ದಿನ ಕೂತಲ್ಲಿ ಕೂರಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಬುಧಾಬಿಯ ಖಾಲಿದಿಯಾದಲ್ಲಿನ ಅವರ ಮನೆ ಹುಡುಕಿಕೊಂಡು ಹೋದೆ. ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಒಲೆ ಆರಿಸಿದರು.

"ನನ್ನ ದನಿ ಯಾರಿಗೂ ಬ್ಯಾಡಾತು ಅಂತ ತಿಳ್ಕೊಂಡು ಹಾಡೋದ ಬಿಟ್ಟೆ. ಮಕ್ಕಳನ್ನ ಮಲಗಿಸಾಕೂ ಹಾಡ್ಲಿಲ್ಲ."

ನಾನು ಅವರ ಕೈ ಹಿಡಿಯಹೋದೆ. ಬಿಡಿಸಿಕೊಂಡರು.

"ಸುಳ್ಳ ಹೇಳಿದ್ದು ಮೈಕಿನ್ಯಾಗ. ಖರೇನೂ ಮೈಕಿನ್ಯಾಗ ಹೇಳು. ಈಗ ಹೋಗು."

ಮುಂದಿನ ಕಾರ್ಯಕ್ರಮ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಸ್ನೇಹಿತರೊಬ್ಬರ ಮನೆಯ ಹಾಲಿನಲ್ಲಿ. "ಏಳನೇದೇ ಓದಿ ಮೇಡಂ, ಪುಸ್ತಕ ಹೋಗೋದೇ ಅದರಿಂದ" ಎಂದರು ಪ್ರಕಾಶಕರು. ಅರ್ಧ ಓದಿ ಪುಸ್ತಕ ಮುಚ್ಚಿದೆ. ಗಿರಿಜಕ್ಕನ ಹೆಸರು ಹೇಳಿದೆ, ಫೋನಿನಲ್ಲಿ ನಾನಾಡಿದ ಮಾತನ್ನು ಅಕ್ಷರ ಬಿಡದೆ ಹೇಳಿದೆ. ಕೊನೆಗೆ ಒಬ್ಬ ಹೆಂಗಸು ಕೇಳಿದರು, "ಹಾಗಾದ್ರೆ ಬಾಕಿ ಅಧ್ಯಾಯ ಎಲ್ಲ ನಿಜವಾ?"

ನಿಜ ಎಂದೆ. ಅವರು ತಮ್ಮ ಪ್ರತಿಯನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದರು. ತಪ್ಪು ಅವರದಲ್ಲ.

ಪುಸ್ತಕವನ್ನು ಮೊದಲೇ ಕೊಂಡು ಮನೆಯಲ್ಲಿ ಓದಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರೂ ಆ ಸುಳ್ಳು ಕೇಳಿಸಿಕೊಂಡವರೇ.

ಆ ದಿನ ಅಲ್ಲಿಂದಲೇ ಗಿರಿಜಕ್ಕನಿಗೆ ಫೋನ್ ಮಾಡಿದೆ. ಎತ್ತಿದರು.

"ಹೇಳಿದೆ ಅಕ್ಕ" ಎಂದೆ.

"ಹೂಂ" ಎಂದರು.

ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟಿದ್ದರು. ಮತ್ತೆ ಮಾಡಲಿಲ್ಲ.